ನುಂಗಬಾರದ ಕ್ಯಾಪ್ಸೂಲು

ಉಬ್ಬಸಕ್ಕೆ ಮೆಷಿನ್ನಿನಲ್ಲಿಟ್ಟು ಎಳೆದುಕೊಳ್ಳುವ ರೋಟಾಕ್ಯಾಪನ್ನು ಒಂದು ಲೋಟ ನೀರಿನ ಜೊತೆ ನುಂಗಿಬಿಟ್ಟರೆ ಏನಾಗುತ್ತದೆ? ಅಂಥದ್ದೇನೂ ಆಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ವಾಂತಿಯಾಗಿದ್ದರೆ, ತಲೆ ಸುತ್ತು ಬಂದಿದ್ದರೆ ಮಾರನೇ ದಿನವೇ ಮೆಡಿಕಲ್ ಷಾಪಿಗೆ ಹೋಗಿ ‘ಇದೇನು ಕೊಟ್ಟಿರಿ’ ಎಂದು ಕೇಳುತ್ತಿದ್ದರು. ಏನೂ ಆಗದ ಕಾರಣ ಯಾರೂ ಕೇಳುವುದಿಲ್ಲ. ಉಬ್ಬಸ ಮಾತ್ರ ಇದ್ದಲ್ಲೇ ಇರುತ್ತದೆ. ತಿಂಗಳು ಕಳೆದ ಮೇಲೆ ‘ಆ ಡಾಕ್ಟರ ಔಷಧಿ ನಮಗೆ ಹಿಡೀಲಿಲ್ಲ’ ಎಂಬ ಮಾತು ಹುಟ್ಟುತ್ತದೆ. ಔಷಧಿ ಹಿಡಿಯದೇ ಇದ್ದದ್ದಲ್ಲ, ಹೋಗಬೇಕಾದ ಜಾಗಕ್ಕೇ ಹೋಗಿರಲಿಲ್ಲ.

ಲೆಕ್ಕ ಸರಳ. ಉಸಿರ್ನಾಳ ಸಡಿಲಿಸುವ ಸಾಲ್ಬ್ಯುಟಮಾಲ್ ಎಂಬ ಔಷಧಿ ಮಾತ್ರೆಯ ರೂಪದಲ್ಲಿ 2 ಅಥವಾ 4 ಮಿಲಿಗ್ರಾಂ ಇರುತ್ತದೆ. ಅದೇ ಔಷಧಿ ರೋಟಾಕ್ಯಾಪ್‌ನಲ್ಲಿ 200 ಮೈಕ್ರೋಗ್ರಾಂ, ಅಂದರೆ ಮಾತ್ರೆಯ ಹತ್ತನೇ ಒಂದು ಪಾಲು, ಇಲ್ಲವೇ ಇಪ್ಪತ್ತನೇ ಒಂದು ಪಾಲು. ಪುಡಿ ನೇರವಾಗಿ ಉಸಿರಿನ ದಾರಿಗೇ ಇಳಿಯುವುದರಿಂದ ಅಷ್ಟು ಸಾಕು. ಅದನ್ನೇ ನುಂಗಿದರೆ ಹೊಟ್ಟೆ, ಯಕೃತ್ತು, ರಕ್ತ ಎಲ್ಲವನ್ನೂ ದಾಟಿ ಎದೆಗೆ ತಲುಪುವ ಹೊತ್ತಿಗೆ ಉಳಿಯುವುದು ಏನೂ ಇಲ್ಲ ಎನ್ನುವಷ್ಟು. ಆದರೆ ನೋಡುವುದಕ್ಕೆ ಅದು ಅಪ್ಪಟ ಕ್ಯಾಪ್ಸೂಲು. ಜೀವನವಿಡೀ ನಾವು ಕ್ಯಾಪ್ಸೂಲನ್ನು ನುಂಗಿದವರೇ. ಇದೇನು ನಮ್ಮ ಹಳ್ಳಿಯವರ ದಡ್ಡತನ ಎಂದುಕೊಳ್ಳಬೇಡಿ. 2008ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯೇ ಸ್ಪಿರಿವಾ, ಫೊರಾಡಿಲ್ ಎಂಬ ಎರಡು ಬಗೆಯ ಎಳೆದುಕೊಳ್ಳುವ ಕ್ಯಾಪ್ಸೂಲುಗಳನ್ನು ಜನ ನುಂಗುತ್ತಿದ್ದಾರೆಂದು ಎಚ್ಚರಿಕೆ ಹೊರಡಿಸಬೇಕಾಯಿತು.

ಮಾಲೂರಿನಲ್ಲಿ ಕೂತು ಈ ವಿಷಯ ಬರೆಯುವುದಕ್ಕೆ ಕಾರಣವಿದೆ. ಈ ಊರು ಹೆಂಚು, ಇಟ್ಟಿಗೆಯ ಊರು. ಗೂಡಿನ ಹೊಗೆ, ಮಣ್ಣಿನ ಧೂಳು ಇಲ್ಲಿ ಒಂದು ಕಾಲದಿಂದ ಕೂಲಿಯ ಜೊತೆಗೇ ಸಿಗುವ ಭತ್ಯೆ. ಟೇಕಲ್ ಕಡೆ ಕಲ್ಲು ಒಡೆಯುವ ಕೆಲಸ. ಇನ್ನಷ್ಟು ಪೂರ್ವಕ್ಕೆ ಹೋದರೆ ಕೆಜಿಎಫ್. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಯಿಂದ, 1947ರಲ್ಲಿ ಎಂದು ವೈದ್ಯಕೀಯ ಪಠ್ಯಗಳು ಹೇಳುತ್ತವೆ. ಗಣಿ 2001ರಲ್ಲಿ ಮುಚ್ಚಿತು. ಎದೆಯೊಳಗೆ ಕೂತ ಧೂಳಿಗೆ ಅಂಥ ಮುಕ್ತಾಯದ ದಿನಾಂಕವಿಲ್ಲ. ದೇಶದ ಲೆಕ್ಕ ಬೇಕಾದರೆ, 2016ರ ಅಂದಾಜಿನಂತೆ ಭಾರತದಲ್ಲಿ ದೀರ್ಘಕಾಲದ ಶ್ವಾಸಕೋಶದ ಅಡಚಣೆ ಇದ್ದವರು 5.53 ಕೋಟಿ, ಅಸ್ತಮಾ ಇದ್ದವರು 3.79 ಕೋಟಿ. ಇವರಲ್ಲಿ ಔಷಧಿ ಕೊಳ್ಳುವವರೆಲ್ಲ ಒಂದಲ್ಲ ಒಂದು ದಿನ ಮೆಡಿಕಲ್ ಷಾಪಿನ ಕಟ್ಟೆಯ ಮುಂದೆ ನಿಂತು ಒಂದು ಸಣ್ಣ ಕಾಗದದ ಕವರು ಇಸಿದುಕೊಂಡೇ ಮನೆಗೆ ಹೋಗುತ್ತಾರೆ.

ಆ ಕವರಿನ ಬಗ್ಗೆಯೇ ಈ ಲೇಖನ.

ಔಷಧಿಯ ಪೆಟ್ಟಿಗೆಯ ಮೇಲೆ ಲೇಬಲ್ ಇದ್ದೇ ಇದೆಯಲ್ಲ ಎನ್ನಬಹುದು. ಇದೆ. 1940ರ ಔಷಧ ಕಾಯ್ದೆ, 1945ರ ನಿಯಮಗಳು ಅದರಲ್ಲಿ ಏನೇನು ಇರಬೇಕೆಂದು ಚಾಚೂ ತಪ್ಪದೆ ಹೇಳುತ್ತವೆ: ಔಷಧಿಯ ಹೆಸರು, ಒಳಗಿರುವ ಪ್ರಮಾಣ, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು, ತಯಾರಕನ ವಿಳಾಸ, ಲೈಸೆನ್ಸ್ ಸಂಖ್ಯೆ. ಷೆಡ್ಯೂಲ್ ಎಚ್ ಔಷಧಿಯಾದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬ ಸಾಲು. 2014ರಿಂದ ಷೆಡ್ಯೂಲ್ ಎಚ್1 ಔಷಧಿಗಳಿಗೆ ಕೆಂಪು ಚೌಕಟ್ಟು. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಕ್ಯುಆರ್ ಕೋಡ್. ಇವೆಲ್ಲ ಬೇಕಾದವೇ. ಆದರೆ ಇವು ಯಾರಿಗೆ ಬರೆದ ಮಾತುಗಳು ಎಂದು ಒಮ್ಮೆ ಓದಿ ನೋಡಿ. ‘ಮಾರಬಾರದು’ ಎನ್ನುವುದು ಅಂಗಡಿಯವನಿಗೆ. ಬ್ಯಾಚ್ ಸಂಖ್ಯೆ ಡ್ರಗ್ ಇನ್‌ಸ್ಪೆಕ್ಟರಿಗೆ. ರೋಗಿಗೆ ಬೇಕಾದದ್ದು ಬೇರೆ ಐದು ಮಾತು: ಇದು ಯಾರದು, ಯಾತಕ್ಕೆ, ಯಾವಾಗ, ಎಷ್ಟು, ಹೇಗೆ. ಇವುಗಳ ಉತ್ತರವನ್ನು ಕಂಪನಿ ಬರೆಯಲಾರದು, ಏಕೆಂದರೆ ರೋಗಿಯಿಂದ ರೋಗಿಗೆ ಅದು ಬದಲಾಗುತ್ತದೆ. ಬರೆಯಬೇಕಾದವರು ಕಟ್ಟೆಯ ಆ ಕಡೆ ನಿಂತ ಫಾರ್ಮಸಿಸ್ಟ್. ಅವರು ಬರೆಯುವುದಿಲ್ಲ, ಹೇಳುತ್ತಾರೆ. ನಮ್ಮ ಲೇಬಲ್ ಬಾಯಿಮಾತಿನ ಲೇಬಲ್. ಕಟ್ಟೆಯ ಮುಂದೆ ಕೇಳಿದ್ದು ಬಸ್ ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಅರ್ಧ ಉಳಿದಿರುತ್ತದೆ, ಲಕ್ಕೂರಿನಲ್ಲಿ ಇಳಿಯುವ ಹೊತ್ತಿಗೆ ಕಾಲು.

ಕವರಿನ ಮೇಲೆ ಉಳಿಯುವುದು ಒಂದೇ ಒಂದು ಗುರುತು: 1-0-1.

ಇದು ಯಾರು ಕಂಡುಹಿಡಿದ ಸಂಕೇತವೋ, ಜಾಣತನದ್ದಂತೂ ಹೌದು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಚೀಟಿಯಲ್ಲಿರುವ ಬಿಡಿ, ಟಿಡಿಎಸ್ ಎಂಬ ಲ್ಯಾಟಿನ್ ಅಕ್ಷರಗಳಿಗಿಂತ ಎಷ್ಟೋ ಮೇಲು. ಆದರೆ ಅದನ್ನು ಕನ್ನಡ ಅಂಕಿಯಲ್ಲಿ ಬರೆಯುವ ಉತ್ಸಾಹ ಯಾರಿಗೂ ಬಾರದಿರಲಿ. ಕೈಬರಹದಲ್ಲಿ ನಮ್ಮ ೧ ಮತ್ತು ೦ ಅಣ್ಣತಮ್ಮಂದಿರು. ಒಂದಕ್ಕೆ ಇರುವ ಸಣ್ಣ ಬಾಯಿ ಆತುರದಲ್ಲಿ ಮುಚ್ಚಿಹೋದರೆ ೧-೦-೧ ಎನ್ನುವುದು ಮೂರು ಸೊನ್ನೆಯಾಗಿ ಕೂರುತ್ತದೆ. ತೆಲುಗಿನಲ್ಲೂ ಇದೇ ಪಾಡು. ಕನ್ನಡದ ಅಭಿಮಾನ ತೋರಿಸಲು ಔಷಧಿಯ ಪ್ರಮಾಣ ತಕ್ಕ ಜಾಗವಲ್ಲ.

ಇಂಗ್ಲಿಷ್ ಅಂಕಿಯಲ್ಲಿ ಬರೆದರೂ ಉಸಿರಿನ ಔಷಧಿಗೆ ಈ ಸಂಕೇತ ಅರ್ಧದಲ್ಲೇ ಕೈಕೊಡುತ್ತದೆ. 1-0-1 ಯಾವ ಹೊತ್ತಿಗೆ ಎಂದು ಹೇಳುತ್ತದೆ, ಹೇಗೆ ಎಂದು ಹೇಳುವುದಿಲ್ಲ. ನುಂಗುವ ಮಾತ್ರೆಗೂ ಎಳೆದುಕೊಳ್ಳುವ ಕ್ಯಾಪ್ಸೂಲಿಗೂ ಅದೇ ಗುರುತು. ಒಂದೇ ಕವರಿನಲ್ಲಿ ಎರಡೂ ಇದ್ದರಂತೂ ಮುಗಿಯಿತು. ಇದರ ಜೊತೆಗೆ ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ನೈಟ್ ಷಿಫ್ಟ್ ಮಾಡುವವರಿದ್ದಾರೆ. ಅವರ ‘ರಾತ್ರಿ’ ಯಾವುದು? ಬೆಳಿಗ್ಗೆ ಎಂಟಕ್ಕೆ ಮಲಗುವವನಿಗೆ ಚಂದ್ರನ ಚಿತ್ರ ತೋರಿಸಿ ಏನು ಪ್ರಯೋಜನ. ಚಿತ್ರದ ಮಾತು ಬಂತಲ್ಲ, ಕೆಲವು ಕವರುಗಳಲ್ಲಿ ಬೆಳಿಗ್ಗೆಗೆ ಹುಟ್ಟುವ ಸೂರ್ಯ, ಸಂಜೆಗೆ ಮುಳುಗುವ ಸೂರ್ಯನನ್ನು ಅಚ್ಚು ಹಾಕಿರುತ್ತಾರೆ. ಎರಡರ ನಡುವೆ ವ್ಯತ್ಯಾಸ ಕಂಡುಹಿಡಿಯಬಲ್ಲ ಚಿತ್ರಕಾರ ಇನ್ನೂ ಹುಟ್ಟಿಲ್ಲ.

ಓದು ಬರುವವರಿಗೆ ಇದೆಲ್ಲ ಅರ್ಥವಾಗುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ಅಲ್ಲಾಡಿಸಬೇಕು. 2006ರಲ್ಲಿ ಅಮೆರಿಕದ ಸಂಶೋಧಕರು 395 ಮಂದಿಗೆ ಔಷಧಿ ಡಬ್ಬಿಗಳನ್ನು ಕೊಟ್ಟು ಲೇಬಲ್ ಓದಿಸಿದರು. ‘ಎರಡು ಮಾತ್ರೆ ದಿನಕ್ಕೆ ಎರಡು ಬಾರಿ’ ಎಂಬ ಸಾಲನ್ನು, ಓದಿನ ಸಾಮರ್ಥ್ಯ ಕಡಿಮೆ ಇದ್ದವರಲ್ಲೂ ನೂರಕ್ಕೆ 70.7 ಮಂದಿ ಸರಿಯಾಗಿ ಹೇಳಿದರು. ‘ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆ, ಎಣಿಸಿ ತೋರಿಸಿ’ ಎಂದಾಗ ಸರಿಯಾಗಿ ಎಣಿಸಿದವರು 34.7 ಮಾತ್ರ. ಬಾಯಿಪಾಠ ಬೇರೆ, ಕೈಗೆ ಬರುವುದು ಬೇರೆ. ಇಂಥ ಅಧ್ಯಯನಗಳ ಫಲವಾಗಿ ಅಲ್ಲಿ ‘ದಿನಕ್ಕೆ ಎರಡು ಬಾರಿ’ ಎಂಬುದನ್ನು ಬಿಟ್ಟು ‘ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು’ ಎಂದು ಬರೆಯಬೇಕೆಂಬ ಮಾತು ಬಲಗೊಂಡಿತು. ನಮ್ಮ ಅಜ್ಜಿಯರು ಇದನ್ನು ಅಧ್ಯಯನವಿಲ್ಲದೆ ಹೇಳುತ್ತಿದ್ದರು: ‘ಎರಡು ಹೊತ್ತು ತಗೋ, ಊಟ ಆದ್ಮೇಲೆ.’ ಹೊತ್ತು ಎಂಬುದು ಊಟಕ್ಕೆ ಕಟ್ಟಿದ ಮಾತು, ಗಡಿಯಾರಕ್ಕಲ್ಲ. ಲೇಬಲ್ಲಿಗೆ ಅದಕ್ಕಿಂತ ಒಳ್ಳೆಯ ಪದ ಬೇಕಿಲ್ಲ.

ಈಗ ಭಾಷೆಯ ಮಾತು. 2024ರ ಸೆಪ್ಟೆಂಬರ್‌ನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಬೇಕೆಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಆಶಯ ಒಳ್ಳೆಯದು. ಆದರೆ ನನಗನ್ನಿಸುವುದು, ಚೀಟಿ ವೈದ್ಯರು ಫಾರ್ಮಸಿಸ್ಟಿಗೆ ಬರೆಯುವ ಕಾಗದ. ಅದು ಇಂಗ್ಲಿಷಿನಲ್ಲಿದ್ದರೂ ಅವರಿಬ್ಬರಿಗೂ ಅರ್ಥವಾಗುತ್ತದೆ, ಅಕ್ಷರ ದುಂಡಗಿದ್ದರೆ ಸಾಕು. ರೋಗಿಗೆ ಬರೆಯುವ ಕಾಗದ ಕವರು. ಕನ್ನಡ ಮೊದಲು ಹತ್ತಬೇಕಾದದ್ದು ಕವರಿನ ಮೇಲೆ.

ಯಾವ ಕನ್ನಡ ಎಂಬುದು ಮುಂದಿನ ಪ್ರಶ್ನೆ. ಮಾಲೂರು ಕನ್ನಡದ ಜೊತೆ ಇನ್ನೂ ಮೂರು ನಾಲಿಗೆಯ ಊರು. ದಕ್ಷಿಣಕ್ಕೆ ಹೊಸೂರಿನ ತಮಿಳು, ಪೂರ್ವಕ್ಕೆ ಕುಪ್ಪಂ ಕಡೆಯ ತೆಲುಗು, ಪೇಟೆಯಲ್ಲಿ ಉರ್ದು. ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದಿದವರು ಇಲ್ಲಿ ಎಷ್ಟೋ ಜನ. ಒಂದು ಪದ ತೆಗೆದುಕೊಳ್ಳಿ: ಆಯಾಸ. ಬೆಂಗಳೂರಿನ ಅನುವಾದಕರಿಗೆ ಆಯಾಸ ಎಂದರೆ ದಣಿವು. ತೆಲುಗು ಮನೆಮಾತಿನವರಿಗೆ ಆಯಾಸ ಎಂದರೆ ಏದುಸಿರು, ಮೇಲುಸಿರು, ಉಬ್ಬಸವೇ. ‘ಆಯಾಸವಾದಾಗ ಎರಡು ಪಫ್’ ಎಂದು ಕವರಿನ ಮೇಲೆ ಬರೆದರೆ ಒಬ್ಬರು ಉಸಿರು ಸಿಕ್ಕಿಕೊಂಡಾಗ ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ಹೊಲದಿಂದ ಬಂದು ಸುಸ್ತಾದಾಗಲೆಲ್ಲ. ‘ಈ ಔಷಧಿಯಿಂದ ಆಯಾಸವಾಗಬಹುದು’ ಎಂದು ಬರೆದರೆ ಇನ್ನೂ ಚೆನ್ನ. ಉಸಿರಾಟದ ತೊಂದರೆ ಕಳೆಯಲು ಕೊಟ್ಟದ್ದೇ ಅದನ್ನು ತರುತ್ತದೆಂದು ಓದಿಕೊಂಡು ಔಷಧಿಯನ್ನು ಮೂಲೆಗಿಡುತ್ತಾರೆ. ‘ಉಸಿರು ಕಟ್ಟಿದಾಗ’ ಎಂದರೆ ಈ ಗೋಜಲಿಲ್ಲ. ‘ಶ್ವಾಸೋಚ್ಛ್ವಾಸದ ತೊಂದರೆ ಉಂಟಾದಲ್ಲಿ ಸೇವಿಸತಕ್ಕದ್ದು’ ಎಂಬ ಸರ್ಕಾರಿ ಗ್ರಂಥಭಾಷೆಗಂತೂ ಉಬ್ಬಸವಿಲ್ಲದವನಿಗೂ ಉಸಿರು ಕಟ್ಟೀತು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು ಇದೇ ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ, 1891ರಲ್ಲಿ. ಮನೆಮಾತು ತಮಿಳು, ಬರೆದದ್ದು ಕನ್ನಡ, ಅದೂ ಎದುರಿಗೆ ಕೂತವನಿಗೆ ಹೇಳಿದಂಥ ಕನ್ನಡ. ಹಲವು ಭಾಷೆಯ ನಡುವೆ ಬೆಳೆದವರಿಗೆ ಯಾವ ಪದ ಎಲ್ಲರಿಗೂ ತಲುಪುತ್ತದೆ ಎಂಬ ಕಿವಿ ಇರುತ್ತದೆ. ಲೇಬಲ್ ಬರೆಯುವವರಿಗೆ ಬೇಕಾದದ್ದು ಆ ಕಿವಿ.

ಕನ್ನಡ ವ್ಯಾಕರಣವೂ ಇಲ್ಲಿ ತನ್ನ ಆಟ ಆಡುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ, ನಿಷೇಧ ಅದರ ಬಾಲಕ್ಕೆ. ‘ಈ ಕ್ಯಾಪ್ಸೂಲನ್ನು ಯಾವುದೇ ಕಾರಣಕ್ಕೂ ನೀರಿನ ಜೊತೆ ನುಂಗಬೇಡಿ’ ಎಂಬ ವಾಕ್ಯದಲ್ಲಿ ಪ್ರಾಣವಿರುವುದು ಕೊನೆಯ ಎರಡಕ್ಷರದಲ್ಲಿ. ಎರಡಂಗುಲದ ಚೀಟಿಯಲ್ಲಿ ಸಾಲು ಮುರಿದು ‘ನುಂಗ’ ಮೇಲೆ, ‘ಬೇಡಿ’ ಕೆಳಗೆ ಬಂದರೆ, ಅಥವಾ ಆ ಮೂಲೆ ಬೆವರಿಗೆ ಅಳಿಸಿದರೆ, ಉಳಿಯುವುದು ಕ್ಯಾಪ್ಸೂಲು, ನೀರು, ನುಂಗು. ಬೇಡವೆಂದದ್ದೇ ಅಪ್ಪಣೆಯಾಗುತ್ತದೆ. ಆದ್ದರಿಂದ ನಿಷೇಧದ ಮಾತು ಒಂಟಿಯಾಗಿ, ಮೊದಲ ಸಾಲಿನಲ್ಲಿ, ದಪ್ಪಕ್ಷರದಲ್ಲಿ ನಿಲ್ಲಬೇಕು: ‘ನುಂಗಬಾರದು.’ ಅದಾದ ಮೇಲೆ ಉಳಿದದ್ದು. ‘ಮೆಷಿನ್ನಿಗೆ ಹಾಕಿ, ಬಾಯಿಂದ ಜೋರಾಗಿ ಎಳೆಯಿರಿ. ಬೆಳಿಗ್ಗೆ ಒಂದು. ರಾತ್ರಿ ಒಂದು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಉಸಿರು ಸರಾಗವಾದರೂ ಬಿಡಬೇಡಿ.’

ಈ ಪುಟ್ಟ ಸಾಲುಗಳಲ್ಲಿ ಒಂದೊಂದರ ಹಿಂದೆಯೂ ಕಾರಣವಿದೆ. ಪುಡಿಯ ಇನ್‌ಹೇಲರಿನಲ್ಲಿ ಪುಡಿಯನ್ನು ಎದೆಗೆ ಒಯ್ಯುವುದು ರೋಗಿಯ ಉಸಿರೇ, ಅದಕ್ಕೆ ಜೋರು ಬೇಕು. ಒತ್ತಿದರೆ ಪುಸ್ಸೆನ್ನುವ ಡಬ್ಬಿ ಇನ್‌ಹೇಲರಿಗೆ ಇದಕ್ಕೆ ತದ್ವಿರುದ್ಧ. ಮೊದಲು ಅಲ್ಲಾಡಿಸಿ, ನಿಧಾನವಾಗಿ, ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಜೋರಾಗಿ ಎಳೆದರೆ ಔಷಧಿಯೆಲ್ಲ ಗಂಟಲಿಗೇ ಬಡಿದು ನಿಲ್ಲುತ್ತದೆ. ‘ಇನ್‌ಹೇಲರ್ ಎಳೆದುಕೊಳ್ಳಿ’ ಎಂದಷ್ಟೇ ಬರೆದ ಲೇಬಲ್ ಇಬ್ಬರಲ್ಲಿ ಒಬ್ಬರಿಗೆ ತಪ್ಪು ಹೇಳಿದಂತೆ. ಬಾಯಿ ಮುಕ್ಕಳಿಸುವುದು ಸ್ಟಿರಾಯ್ಡ್ ಇರುವ ಇನ್‌ಹೇಲರಿಗೆ. ಇಲ್ಲವಾದರೆ ಬಾಯಲ್ಲಿ ಬಿಳಿ ಬೂಷ್ಟು ಕಟ್ಟುತ್ತದೆ, ದನಿ ಒಡೆಯುತ್ತದೆ, ಔಷಧಿಗೆ ಕೆಟ್ಟ ಹೆಸರು ಬರುತ್ತದೆ. ಇನ್ನು ‘ಬಿಡಬೇಡಿ’ ಎನ್ನುವುದು. ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಔಷಧಿ ತೆಗೆದುಕೊಂಡ ಗಳಿಗೆಗೆ ಏನೂ ಆದಂತೆ ಅನ್ನಿಸುವುದಿಲ್ಲ. ಒಳಗಿನ ಊತ ದಿನಗಟ್ಟಲೆಯಲ್ಲಿ ಇಳಿಯುತ್ತದೆ. ತಕ್ಷಣ ಆರಾಮ ಕೊಡುವ ನೀಲಿ ಇನ್‌ಹೇಲರ್ ಮೇಲೆ ಜನರಿಗೆ ಪ್ರೀತಿ, ಸದ್ದಿಲ್ಲದೆ ಕೆಲಸ ಮಾಡುವುದರ ಮೇಲೆ ಅನುಮಾನ.

ನೀಲಿ ಆಪತ್ತಿಗೆ, ಬೇರೆ ಬಣ್ಣ ದಿನಕ್ಕೆ ಎಂದು ಹೇಳಿಕೊಟ್ಟರೆ ಸಾಕಾಗಿತ್ತು, ಒಂದು ಕಾಲಕ್ಕೆ. ಈಗ ಅದೂ ಉಳಿದಿಲ್ಲ. ಅಸ್ತಮಾ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಅಂತರರಾಷ್ಟ್ರೀಯ ಬಳಗ ‘ಜಿನಾ’ 2019ರಲ್ಲಿ, ದೊಡ್ಡವರಿಗೂ ಹದಿಹರೆಯದವರಿಗೂ ನೀಲಿಯೊಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆ ಬೇಡವೆಂದಿತು. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿದ ಒಂದೇ ಇನ್‌ಹೇಲರನ್ನು ಕೆಲವರಿಗೆ ದಿನವೂ, ಆಪತ್ತಿಗೂ ಕೊಡುತ್ತಾರೆ. ಇನ್ನು ಕೆಲವರಿಗೆ ದಿನಕ್ಕೆ ಮಾತ್ರ. ಅಂದರೆ ಒಂದೇ ಪೆಟ್ಟಿಗೆ, ಪಕ್ಕದ ಮನೆಯವರಿಗೆ ಒಂದು ನಿಯಮ, ನಮಗೆ ಇನ್ನೊಂದು. ಇಂಥದ್ದಕ್ಕೆ ಕಂಪನಿಯ ಅಚ್ಚು ಸಾಲದು, ಹೆಸರು ಬರೆದ ಚೀಟಿಯೇ ಬೇಕು. ಪೆಟ್ಟಿಗೆಯ ಮೇಲಿನ 100, 200, 400 ಎಂಬ ಅಂಕಿ ಮೈಕ್ರೋಗ್ರಾಂ ಲೆಕ್ಕದ್ದು, ‘ಇನ್ನೂರು ಸಲ’ ಎಂಬ ಅರ್ಥದ್ದಲ್ಲ ಎಂದೂ ಯಾರಾದರೂ ಹೇಳಬೇಕು. ಕೆಲವು ಡಬ್ಬಿಗಳಲ್ಲಿ ನಿಜವಾಗಿಯೂ 200 ಪಫ್ ಇರುವುದು ಗೊಂದಲಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತದೆ.

ಹೆಸರು ಬರೆಯುವ ವಿಷಯದಲ್ಲಿ ಒಂದು ಕಥೆಯಿದೆ. ನ್ಯೂಯಾರ್ಕಿನಲ್ಲಿ ವಿನ್ಯಾಸ ಓದುತ್ತಿದ್ದ ಡೆಬೊರಾ ಆ್ಯಡ್ಲರ್ ಎಂಬಾಕೆಯ ಅಜ್ಜಿ ಒಮ್ಮೆ ತಾತನ ಮಾತ್ರೆಯನ್ನು ತಾನೇ ನುಂಗಿಬಿಟ್ಟರು. ಡಬ್ಬಿಗಳೆರಡೂ ಒಂದೇ ಥರ ಇದ್ದವು. ಮೊಮ್ಮಗಳು ಔಷಧಿ ಡಬ್ಬಿಯನ್ನೇ ಹೊಸದಾಗಿ ರೂಪಿಸಿದಳು. ಚಪ್ಪಟೆ ಮುಖ, ದೊಡ್ಡ ಅಕ್ಷರ, ಮನೆಯ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಉಂಗುರ. ಟಾರ್ಗೆಟ್ ಮಳಿಗೆಗಳು 2005ರಲ್ಲಿ ಅದನ್ನು ತಂದವು. 2015ರಲ್ಲಿ ಆ ಫಾರ್ಮಸಿಗಳು ಬೇರೆ ಕಂಪನಿಗೆ ಮಾರಾಟವಾದವು, ಹಳೆಯ ದುಂಡು ಡಬ್ಬಿ ವಾಪಸು ಬಂತು. ಒಳ್ಳೆಯ ಲೇಬಲ್ಲಿಗೂ ಯಜಮಾನ ಬದಲಾದರೆ ಉಳಿಗಾಲವಿಲ್ಲ.

ನಮ್ಮ ರಾಜ್ಯದಲ್ಲೂ ಕೆಲಸ ನಡೆದಿಲ್ಲವೆಂದಲ್ಲ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ಫಾರ್ಮಸಿಸ್ಟರನ್ನು ಔಷಧಿ ಕೋಣೆಯಿಂದ ಎಬ್ಬಿಸಿ ರೋಗಿಯ ಮಂಚದ ಪಕ್ಕಕ್ಕೆ ಕರೆತಂದಿತು. ಅಲ್ಲಿನವರು ಕನ್ನಡದಲ್ಲಿ ರೋಗಿಗಳಿಗೆ ಮಾಹಿತಿ ಪತ್ರಗಳನ್ನೂ ಮಾಡಿದರು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ರೋಗಿಗೆ ತಿಳಿಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯವನ್ನಾಗಿಯೇ ಮಾಡಿದೆ. ಆದರೆ ಬರಹ ಸುಲಭವೋ ಕಷ್ಟವೋ ಎಂದು ಅಳೆಯುವ ಕೋಲು ನಮ್ಮದಲ್ಲ. ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಸೂತ್ರ ಪದಗಳ ಉದ್ದ, ವಾಕ್ಯಗಳ ಉದ್ದ ಎಣಿಸುತ್ತದೆ. ‘ಮುಕ್ಕಳಿಸಿಕೊಳ್ಳಬೇಕು’ ಎಂಬ ಒಂದೇ ಪದ ಅದರ ಲೆಕ್ಕದಲ್ಲಿ ಮಹಾ ಪಾಂಡಿತ್ಯ. ಎರಡಕ್ಷರದ ‘ಶ್ವಾಸ’ ಬಲು ಸುಲಭ. ಮನೆಯಲ್ಲಿ ಕೇಳಿ ನೋಡಿ, ಯಾವುದು ಸುಲಭ ಎಂದು. ಅಚ್ಚಿನ ಅಳತೆಯೂ ಹಾಗೆಯೇ. ಇಂಗ್ಲಿಷಿಗೆ ಸಾಲುವ ಸಣ್ಣ ಅಕ್ಷರದಲ್ಲಿ ಕನ್ನಡದ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ.

ಮಕ್ಕಳ ಸಿರಪ್ಪಿನ ಬಗ್ಗೆ ಎರಡೇ ಮಾತು. ‘ಒಂದು ಚಮಚ’ ಎಂದು ಬರೆಯಬಾರದು, 5 ಮಿಲಿ ಎಂದು ಬರೆದು ಮುಚ್ಚಳದ ಗೆರೆಯನ್ನು ಪೆನ್ನಿನಿಂದ ಗುರುತು ಮಾಡಬೇಕು. ಒಂದೊಂದು ಅಡುಗೆಮನೆಯ ಚಮಚ ಒಂದೊಂದು ಗಾತ್ರ. ಎರಡನೆಯದು, ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ ಮೇಲೆ ಅಚ್ಚು ಹಾಕಬೇಕೆಂದು 2023ರ ಡಿಸೆಂಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಕರು ಆದೇಶಿಸಿದರು. ಅಚ್ಚು ಹಾಕುವುದು ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಂಥ ಅಕ್ಷರದಲ್ಲಿ.

ಉಸಿರಿನ ರೋಗಗಳಲ್ಲಿ ಲೇಬಲ್ಲಿನ ಬೆಲೆಯನ್ನು ಸರ್ಕಾರ ಗಂಭೀರವಾಗಿ ಎಣಿಸಿದ್ದು ಒಂದರಲ್ಲಿ, ಕ್ಷಯದಲ್ಲಿ. ಹಿಂದಿನ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದಲ್ಲಿ ಒಬ್ಬ ರೋಗಿಗೆ ಒಂದು ಪೆಟ್ಟಿಗೆ. ಹೊಸ ರೋಗಿಗೆ ಕೆಂಪು, ಮತ್ತೆ ಚಿಕಿತ್ಸೆಗೆ ಬಂದವರಿಗೆ ನೀಲಿ. ಇಡೀ ಚಿಕಿತ್ಸೆಯ ಮಾತ್ರೆ ಅದರೊಳಗೆ, ಮೇಲೆ ರೋಗಿಯ ಹೆಸರು. ಆಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಕೇಂದ್ರದಲ್ಲಿ ಹುಟ್ಟಿದ ‘99ಡಾಟ್ಸ್’ ಬಂತು. ಮಾತ್ರೆಯ ಷೀಟಿಗೆ ಒಂದು ಕಾಗದದ ಹೊದಿಕೆ. ಮಾತ್ರೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ಫೋನ್ ಅಂಕಿಗಳು ಕಾಣುತ್ತವೆ. ಆ ನಂಬರಿಗೆ ದುಡ್ಡಿಲ್ಲದ ಕರೆ ಮಾಡಿದರೆ ಇವತ್ತಿನ ಮಾತ್ರೆ ತೆಗೆದುಕೊಂಡರೆಂದು ದಾಖಲಾಗುತ್ತದೆ. ಕರೆ ಮಾಡಿದವರೆಲ್ಲ ನುಂಗಿದವರಲ್ಲ, ನುಂಗಿದವರೆಲ್ಲ ಕರೆ ಮಾಡಿದವರಲ್ಲ ಎಂಬುದು ಆಮೇಲೆ ಗೊತ್ತಾಯಿತು. ಆದರೂ ರೋಗಿಯ ಕೈ ತಾಗುವ ಜಾಗದಲ್ಲೇ ಮಾತು ಇರಬೇಕೆಂಬ ತಿಳಿವಳಿಕೆ ಆ ಹೊದಿಕೆಯಲ್ಲಿತ್ತು. ಕ್ಷಯದ ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್ ನುಂಗಿದವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ‘ಹೆದರಬೇಡಿ, ಔಷಧಿಯ ಬಣ್ಣ ಅದು’ ಎಂಬ ಒಂದು ಸಾಲು ಇಲ್ಲದಿದ್ದರೆ ರಕ್ತ ಹೋಗುತ್ತಿದೆ ಎಂದು ಭಯಪಟ್ಟು ನಿಲ್ಲಿಸಿಬಿಡುತ್ತಾರೆ.

ಇಷ್ಟೆಲ್ಲ ಬರೆಯಲು ಮೆಡಿಕಲ್ ಷಾಪಿನವರಿಗೆ ಪುರುಸೊತ್ತೆಲ್ಲಿದೆ? ನ್ಯಾಯವಾದ ಪ್ರಶ್ನೆ. ಸಂಜೆ ಏಳಕ್ಕೆ, ಬೆಂಗಳೂರಿನಿಂದ ರೈಲು ಬಂದು ಜನ ಇಳಿದ ಹೊತ್ತಿನಲ್ಲಿ ಕಟ್ಟೆಯ ಮುಂದೆ ಹತ್ತು ಕೈ ಚಾಚಿರುತ್ತವೆ. ಇಟ್ಟಿಗೆ ಗೂಡಿಗೆ ಬಂದ ಬಿಹಾರದವನಿಗೆ ಹಿಂದಿಯಲ್ಲಿ ಹೇಳಬೇಕು, ಪಕ್ಕದ ಅಜ್ಜಿಗೆ ತೆಲುಗಿನಲ್ಲಿ. ಹಾಗಾಗಿ ಕಂಪ್ಯೂಟರು, ಪ್ರಿಂಟರು, ತಂತ್ರಾಂಶ ಎಂದು ಹೊರಡುವ ಮೊದಲು ಪೇಟೆಯಲ್ಲಿ ರಬ್ಬರ್ ಸ್ಟ್ಯಾಂಪ್ ಮಾಡುವವರ ಹತ್ತಿರ ಹೋಗಬಹುದು. ನಾಲ್ಕು ಮುದ್ರೆ ಸಾಕು: ‘ನುಂಗಬಾರದು’, ‘ದಿನಾ ತಪ್ಪಿಸಬೇಡಿ’, ‘ಉಸಿರು ಕಟ್ಟಿದಾಗ ಮಾತ್ರ’, ‘ಬಾಯಿ ಮುಕ್ಕಳಿಸಿ ಉಗುಳಿ’. ಹೊತ್ತು ಮತ್ತು ಹೆಸರನ್ನು ಪೆನ್ನಿನಲ್ಲಿ ತುಂಬಿದರಾಯಿತು. ಮೊದಲನೆಯ ಮುದ್ರೆಯನ್ನು ಮಾತ್ರ ಕವರಿನ ಮೇಲೆ ಒತ್ತಬಾರದು. ಕವರು ಮನೆಗೆ ಹೋದ ದಿನವೇ ಒಲೆಗೆ ಹೋಗುತ್ತದೆ, ಇಲ್ಲವೇ ಚಿಲ್ಲರೆ ಕಟ್ಟಲು. ಒಂದು ಅಂಟುಚೀಟಿಯ ಮೇಲೆ ಒತ್ತಿ ರೋಟಾಕ್ಯಾಪ್ ಡಬ್ಬಿಗೆ ಅಂಟಿಸಬೇಕು, ಅದೂ ಪಕ್ಕಕ್ಕಲ್ಲ, ಮುಚ್ಚಳಕ್ಕೆ. ನೀರಿನ ಲೋಟ ಹಿಡಿದವರ ಇನ್ನೊಂದು ಕೈ ಮೊದಲು ತಿರುಗಿಸುವುದು ಅದನ್ನೇ.